ಮಲದಲ್ಲಿ ರಕ್ತ: ಮೂಲವ್ಯಾಧಿಯೆಂದು ಸುಮ್ಮನಿರಬಹುದೇ?

ತೀರ್ಥಹಳ್ಳಿಯಲ್ಲಿರುವ 52 ವರ್ಷದ ತಂದೆಯವರ ಮಲದಲ್ಲಿ ರಕ್ತ ಕಾಣುತ್ತಿದೆ, ಮೂಲವ್ಯಾಧಿಗೆ ಕೊಡುವ ನಾಟಿ ಔಷಧ ಸಾಕೇ ಎಂದು ಕೇಳಿದ್ದೀರಿ. ಸಾಲದು. ಮೂಲವ್ಯಾಧಿಯೇ ಇರಬಹುದಾದರೂ ಪರೀಕ್ಷೆಯಿಲ್ಲದೆ ಹಾಗೆಂದು ತೀರ್ಮಾನಿಸುವಂತಿಲ್ಲ. ಮಲವಿಸರ್ಜನೆಯ ರೂಢಿ ವಾರಗಟ್ಟಲೆ ಬದಲಾಗಿದ್ದರೆ, ತೂಕ ಇಳಿದಿದ್ದರೆ ಅಥವಾ ರಕ್ತಹೀನತೆಯಿದ್ದರೆ ಕರುಳಿನ ಕ್ಯಾನ್ಸರ್‌ನ ಸಂಶಯ ಹೆಚ್ಚುತ್ತದೆ. ದೊಡ್ಡ ಕರುಳಿನ ಕ್ಯಾನ್ಸರ್ ಬಹುಪಾಲು ಒಳಪದರದ ಪಾಲಿಪ್ ಎಂಬ ಸಣ್ಣ ಗಂಟಿನಿಂದ, ಸಾಮಾನ್ಯವಾಗಿ ಸುಮಾರು 10 ವರ್ಷ ತೆಗೆದುಕೊಂಡು ಬೆಳೆಯುವುದರಿಂದ, ಕೊಲೊನೊಸ್ಕೋಪಿಯಲ್ಲಿ (ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಅದನ್ನು ಗುರುತಿಸಿ ಆಗಲೇ ಕತ್ತರಿಸಿ ತೆಗೆದರೆ ರೋಗವನ್ನೇ ತಡೆಯಬಹುದು. ವಯಸ್ಸು, ಕುಟುಂಬದಲ್ಲಿ ಈ ರೋಗದ ಇತಿಹಾಸ, ಧೂಮಪಾನ, ಮದ್ಯ, ಬೊಜ್ಜು ಅಪಾಯವನ್ನು ಹೆಚ್ಚಿಸುತ್ತವೆ. ಕರುಳಿನಲ್ಲೇ ಉಳಿದ ಗಡ್ಡೆಗೆ ಶಸ್ತ್ರಚಿಕಿತ್ಸೆಯೇ ಪ್ರಧಾನ. ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್ ಎಂಬ, ರೋಗನಿರೋಧಕ ವ್ಯವಸ್ಥೆಯ ಸಣ್ಣ ಗ್ರಂಥಿಗಳಿಗೆ) ಹರಡಿದ್ದರೆ ಕೀಮೋಥೆರಪಿಯೂ, ಗುದನಾಳದ್ದಾದರೆ ಹಲವೊಮ್ಮೆ ವಿಕಿರಣ ಚಿಕಿತ್ಸೆಯೂ ಸೇರುತ್ತದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಈ ವಾರವೇ ತೋರಿಸಿ.