ಓದುಗರ ಪ್ರಶ್ನೆ: ಎಲ್ಲಾ ಗೊತ್ತಿದ್ರೂ ಮಾತ್ರೆ ಯಾಕೆ ತಗೊಳಲ್ಲ?

ಪ್ರಶ್ನೆ: ಮೇಡಂ ನಮಸ್ಕಾರ. ಹೋದ ತಿಂಗಳು ಬೆಂಗಳೂರಲ್ಲಿ ಮೈದುನನ ಮನೆಗೆ ಹೋಗಿದ್ವಿ, ಅಲ್ಲೇ ಹತ್ರ ಒಂದು ಯೂನಿವರ್ಸಿಟೀಲಿ ಸಾರ್ವಜನಿಕ ಉಪನ್ಯಾಸ ಇತ್ತು, ಎಲ್ಲರೂ ಬರಬಹುದು ಅಂತ ಬೋರ್ಡ್ ಹಾಕಿದ್ರು, ಅತ್ತೇನೂ ಕರ್ಕೊಂಡು ಹೋದೆ. ಅತ್ತೆಗೆ ಎಂಟು ವರ್ಷದಿಂದ ಬಿಪಿ ಇದೆ. ಹೆಲ್ತ್ ಬಿಹೇವಿಯರ್, ಅಂದ್ರೆ ಆರೋಗ್ಯದ ವಿಷಯದಲ್ಲಿ ಜನ ಹೇಗೆ ನಡ್ಕೋತಾರೆ ಅನ್ನೋದರ ಬಗ್ಗೆ ಒಂದೂವರೆ ಗಂಟೆ ಮಾತಾಡಿದ್ರು. ಜನಕ್ಕೆ ಅರಿವಿಲ್ಲ, ಅರಿವು ಮೂಡಿಸಬೇಕು ಅನ್ನೋದೇ ಕೊನೆಗೆ ಉಳಿದಿದ್ದು. ಆಟೋದಲ್ಲಿ ವಾಪಸ್ ಬರ್ತಾ ಅತ್ತೆ "ನಂಗೇನು ಗೊತ್ತಿಲ್ವಾ, ಎಲ್ಲಾ ಗೊತ್ತು ಕಣೇ" ಅಂದ್ರು. ನಿಜಾನೇ, ಅವ್ರಿಗೆ ಎಲ್ಲಾ ಗೊತ್ತು, ಆದ್ರೂ ಮಾತ್ರೆ ದಿನಾ ತಗೊಳಲ್ಲ. ಯಾಕೆ ಹೀಗೆ? ಇಂಥ ಉಪನ್ಯಾಸದಿಂದ ನಮ್ಮಂಥೋರಿಗೆ ಏನಾದ್ರೂ ಉಪಯೋಗ ಇದ್ಯಾ?
(ತುಮಕೂರು ಜಿಲ್ಲೆಯಿಂದ ಒಬ್ಬ ಓದುಗರು)

ಉತ್ತರ: ನಿಮ್ಮ ಪತ್ರ ಓದಿ ಮನಸ್ಸಿಗೆ ತುಂಬಾ ಹಿಡಿಸ್ತು, ಯಾಕಂದ್ರೆ ನಿಮ್ಮ ಅತ್ತೆ ಆಟೋದಲ್ಲಿ ಹೇಳಿದ ಆ ಒಂದು ಮಾತನ್ನ ಅರ್ಥ ಮಾಡ್ಕೊಳ್ಳೋಕೆ ಈ ಶಾಸ್ತ್ರದವ್ರು ಎಪ್ಪತ್ತು ವರ್ಷದಿಂದ ಒದ್ದಾಡ್ತಿದ್ದಾರೆ. ಅದೂ ಅಲ್ದೆ ನೀವು ತುಮಕೂರು ಜಿಲ್ಲೆಯವ್ರು, ಈ ಕಥೇಲಿ ನಿಮ್ಮ ಜಿಲ್ಲೆಗೆ ದೊಡ್ಡ ಜಾಗ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಇದೆಲ್ಲಾ ಶುರುವಾಗಿದ್ದು 1950ರ ದಶಕದ ಅಮೆರಿಕದಲ್ಲಿ. ಟಿಬಿ ಪತ್ತೆ ಮಾಡೋಕೆ ಅಲ್ಲಿನ ಸರ್ಕಾರದ ಆರೋಗ್ಯ ಇಲಾಖೆ ಎಕ್ಸ್‌ರೇ ವ್ಯಾನ್‌ಗಳನ್ನ ಬೀದಿ ಬೀದಿಗೆ ಕಳಿಸ್ತಿತ್ತು. ದುಡ್ಡು ಕೊಡೋ ಹಾಗಿಲ್ಲ, ದೂರ ಹೋಗೋ ಹಾಗಿಲ್ಲ, ಆದ್ರೂ ಎಷ್ಟೋ ಜನ ಬರ್ತಾನೇ ಇರಲಿಲ್ಲ. ಯಾಕೆ ಅಂತ ಹುಡುಕೋಕೆ ಇಲಾಖೇಲಿದ್ದ ಮನಶ್ಶಾಸ್ತ್ರಜ್ಞರು ಕೂತ್ರು, ಅವ್ರಲ್ಲಿ ಒಬ್ರು ಗಾಡ್‌ಫ್ರೀ ಹಾಕ್‌ಬಾಮ್. ಅವ್ರು ಮೂರು ಊರುಗಳಲ್ಲಿ ಸಾವಿರಕ್ಕೂ ಜಾಸ್ತಿ ಜನರನ್ನ ಮಾತಾಡಿಸಿದ್ರು. ನಂಗೂ ಟಿಬಿ ಬರಬಹುದು, ಬೇಗ ಗೊತ್ತಾದ್ರೆ ಒಳ್ಳೇದು ಅಂತ ಎರಡನ್ನೂ ನಂಬಿದ್ದವರಲ್ಲಿ 82 ಪರ್ಸೆಂಟ್ ಜನ ತಾವಾಗೇ ಹೋಗಿ ಎಕ್ಸ್‌ರೇ ತೆಗೆಸಿಕೊಂಡಿದ್ರು, ಎರಡನ್ನೂ ನಂಬದೆ ಇದ್ದವರಲ್ಲಿ ಬರೀ 21 ಪರ್ಸೆಂಟ್. ಕಾಯಿಲೆ ಅಂದ್ರೇನು ಅಂತ ಗೊತ್ತಿರೋದು ಬೇರೆ, ಅದು ನನ್ನ ಮೈಗೇ ಬರುತ್ತೆ ಅನ್ನಿಸೋದೇ ಬೇರೆ. ಬಿಪಿ ವಿಷಯದಲ್ಲಂತೂ ಇದು ಇನ್ನೂ ಕಷ್ಟ, ನೋವಿಲ್ಲ ಜ್ವರ ಇಲ್ಲ, ಮಾತ್ರೆ ತಗೊಂಡ ದಿನಕ್ಕೂ ಬಿಟ್ಟ ದಿನಕ್ಕೂ ಮೈಯಲ್ಲಿ ಏನೂ ವ್ಯತ್ಯಾಸ ಕಾಣಲ್ಲ, ಹಾಗಿರುವಾಗ ಚೆನ್ನಾಗೇ ಇದ್ದೀನಲ್ಲ ಅನ್ನೋ ಮನಸ್ಸಿಗೆ ಯಾರು ಏನು ಹೇಳೋಕಾಗುತ್ತೆ.

ಉಪನ್ಯಾಸಗಳಲ್ಲಿ ಸಾಮಾನ್ಯವಾಗಿ ಇಷ್ಟನ್ನ ಹೇಳ್ತಾರೆ. ನಂಬಿಕೆ ಬದಲಾಯಿಸಿ, ಅರಿವು ಮೂಡಿಸಿ. ನಂಗೆ ಅಸಮಾಧಾನ ಇರೋದು ಇಲ್ಲೇ, ಅಲ್ಲಿಗೆ ನಿಲ್ಲಿಸಿಬಿಟ್ರೆ ತಪ್ಪೆಲ್ಲಾ ಜನರ ತಲೆ ಮೇಲೆ ಬೀಳುತ್ತೆ.

ಈಗ ತುಮಕೂರಿಗೆ ಬರೋಣ. ಬೆಂಗಳೂರಿನ ಬಳ್ಳಾರಿ ರಸ್ತೇಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ, 1959ರಲ್ಲಿ ಶುರುವಾಗಿದ್ದು. ಅಲ್ಲಿದ್ದ ಡಿ. ಬ್ಯಾನರ್ಜಿ ಮತ್ತೆ ಸ್ಟಿಗ್ ಆಂಡರ್ಸನ್ ಅಂತ ಇಬ್ಬರು ನಿಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ಮಾಡಿದ್ರು, 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೇಲಿ ಅದು ಅಚ್ಚಾಯ್ತು. ಹಳ್ಳಿ ಜನಕ್ಕೆ ಟಿಬಿ ಬಗ್ಗೆ ಏನೂ ತಿಳಿಯಲ್ಲ, ಆಸ್ಪತ್ರೆಗೆ ಬರಲ್ಲ, ನಾವೇ ವ್ಯಾನ್ ತಗೊಂಡು ಹುಡುಕ್ಕೊಂಡು ಹೋಗ್ಬೇಕು ಅನ್ನೋ ಮಾತು ಆಗ ಚಾಲ್ತೀಲಿತ್ತು. ಇವ್ರು ಮನೆ ಮನೆಗೆ ಹೋಗಿ ಕಾಯಿಲೆ ಇದ್ದವ್ರನ್ನ ಕೂತು ಮಾತಾಡಿಸಿದಾಗ ಬೇರೇನೇ ಕಂಡಿತು. ಕಫದಲ್ಲಿ ಟಿಬಿ ಇದ್ದವರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಮೈಯಲ್ಲಿ ಏನೋ ಸರಿ ಇಲ್ಲ ಅಂತ ಗೊತ್ತಿತ್ತು. ತುಂಬಾ ಜನ ಅದೇ ಚಿಂತೇಲಿದ್ರು. ಅರ್ಧದಷ್ಟು ಜನ ಆಗಲೇ ಔಷಧಿ ಹುಡುಕ್ಕೊಂಡು ಹೋಗಿದ್ರು, ಸರ್ಕಾರಿ ಆಸ್ಪತ್ರೆ ಬಾಗಿಲಿಗೂ ಹೋಗಿದ್ರು, ಅಲ್ಲಿ ಒಂದು ಬಾಟಲಿ ಕೆಮ್ಮಿನ ಔಷಧಿ ಕೊಟ್ಟು ವಾಪಸ್ ಕಳಿಸಿದ್ರು.

ನೀವೇ ಒಂದು ಸಲ ಯೋಚನೆ ಮಾಡಿ. ಕೆಮ್ಮಿಕೊಂಡು ಎದೆ ಹಿಡ್ಕೊಂಡು ಗಾಡಿ ಕಟ್ಟಿಸಿಕೊಂಡೋ ನಡ್ಕೊಂಡೋ ಬಂದ ಮನುಷ್ಯನಿಗೆ ಸಿರಪ್ ಕೊಟ್ಟು ಕಳಿಸಿ, ಆಮೇಲೆ ಜನಕ್ಕೆ ಅರಿವಿಲ್ಲ ಅನ್ನೋದು ಎಷ್ಟು ದೊಡ್ಡ ಅನ್ಯಾಯ. ಆ ಅಧ್ಯಯನದ ಬೆಲೆ ಇರೋದು ಅಲ್ಲೇ, ಜನ ಹೇಗೂ ಬರ್ತಿದ್ದಾರೆ, ಹಾಗಾದ್ರೆ ಅವ್ರು ಬರೋ ಜಾಗದಲ್ಲೇ ಕಫ ಪರೀಕ್ಷೆ ಇಡಿ ಅನ್ನೋ ಯೋಚನೆ ಗಟ್ಟಿಯಾಯ್ತು, ಅಧ್ಯಯನ ಅಚ್ಚಾಗೋಕೆ ಮುಂಚೆ, 1962ರಲ್ಲೇ ಶುರುವಾಗಿದ್ದ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತಿದ್ದೂ ಇದೇ ದಾರೀಲಿ. ಇವತ್ತು ಎರಡು ವಾರ ಕೆಮ್ಮಿದ್ರೆ ಹತ್ತಿರದ ಸರ್ಕಾರಿ ಆಸ್ಪತ್ರೇಲಿ ಕಫ ಪರೀಕ್ಷೆ ಮಾಡಿಸಿ ಅಂತ ಹೇಳ್ತಾರಲ್ಲ, ಅದರ ಬೇರು ನಿಮ್ಮ ಜಿಲ್ಲೆಯ ಹಳ್ಳಿಗಳಲ್ಲೂ ಇದೆ. ನಮ್ಮ ಎಷ್ಟೋ ವಿದ್ಯಾರ್ಥಿಗಳಿಗೇ ಇದು ಗೊತ್ತಿಲ್ಲ ಅನ್ನೋದು ನಂಗೆ ಬೇಜಾರಿನ ವಿಷಯ.

ನಿಮ್ಮ ಅತ್ತೆ ವಿಷಯಕ್ಕೂ ಇದಕ್ಕೂ ಸಂಬಂಧ ಇದೆ. ನಾನು ಹಳ್ಳಿಗಳಲ್ಲಿ ಸರ್ವೆ ಕೆಲಸ ಮಾಡ್ತಿದ್ದಾಗ ಒಬ್ಬ ಅಜ್ಜಿ ಮನೆಗೆ ಹೋಗಿದ್ದೆ. ಮಾತ್ರೆ ದಿನಾ ತಗೋತೀರಾ ಅಜ್ಜಿ ಅಂತ ಕೇಳಿದ್ರೆ ಹೂಂ ಅಂದ್ರು, ನಾನೂ ಫಾರಂನಲ್ಲಿ ಹೂಂ ಅಂತ ಟಿಕ್ ಹಾಕಿದೆ. ಹೊರಡೋ ಹೊತ್ತಿಗೆ ಎಲೆ ಅಡಿಕೆ ಹಾಕ್ಕೊಳ್ಳೋಕೆ ಅಂತ ಅವ್ರು ಡಬ್ಬಿ ತೆಗೆದ್ರು, ಅಡಿಕೆ ಚೂರುಗಳ ಮಧ್ಯೆ ಬಿಳೀ ಮಾತ್ರೆಗಳು, ಎಲ್ಲಾ ಅರ್ಧರ್ಧ. ಅಡಕತ್ತರೀಲೇ ಕತ್ತರಿಸಿಟ್ಟಿದ್ರು. ಒಂದು ತಿಂಗಳ ಮಾತ್ರೆ ಎರಡು ತಿಂಗಳು ಬರಲಿ ಅಂತ. ತಾಲೂಕು ಆಸ್ಪತ್ರೆಗೆ ಹೋಗ್ಬೇಕು ಅಂದ್ರೆ ಎರಡು ಬಸ್ಸು, ಜೊತೆಗೆ ಬರೋ ಸೊಸೆಗೆ ಒಂದು ದಿನದ ಕೂಲಿ ಹೋಗುತ್ತೆ, ಅದನ್ನ ಅವ್ರ ಹತ್ರ ಕೇಳೋಕೆ ಅಜ್ಜಿಗೆ ಮುಜುಗರ. ಅಜ್ಜಿಗೆ ಅರಿವಿಲ್ಲ ಅಂತ ನಾನು ಹೇಗೆ ಬರೀಲಿ? ನನ್ನ ಫಾರಂನಲ್ಲಿ ಅರ್ಧ ಮಾತ್ರೆಗೆ ಕಾಲಂ ಇರಲಿಲ್ಲ.

ಹಾಗಾಗಿ ಯಾಕೆ ತಗೊಳಲ್ಲ ಅಂತ ಅತ್ತೇನ ಕೇಳ್ಬೇಡಿ, ಆ ಪ್ರಶ್ನೆ ಬೈದ ಹಾಗೆ ಕೇಳಿಸುತ್ತೆ. ಯಾವತ್ತು ತಪ್ಪುತ್ತೆ ಅಂತ ಕೇಳಿ. ಉಪವಾಸದ ದಿನವಾ, ನೆಂಟರ ಮನೆಗೆ ಹೋದಾಗ್ಲಾ, ಮಾತ್ರೆ ಖಾಲಿಯಾದ ಮೇಲೆ ತರೋಕೆ ಯಾರಿಗೆ ಹೇಳೋದು ಅಂತಲಾ, ತಗೊಂಡ್ರೆ ಸುಸ್ತಾಗುತ್ತೆ ಅಂತಲಾ. ಸುಸ್ತು, ತಲೆ ಸುತ್ತು ಅಂದ್ರೆ ಡಾಕ್ಟರ್‌ಗೆ ಹೇಳಿ, ಬೇರೆ ಮಾತ್ರೆಗಳಿವೆ, ತಾವಾಗೇ ನಿಲ್ಲಿಸೋದು ಮಾತ್ರ ಬೇಡ. ಓಡಾಟದ ತೊಂದ್ರೆ ಆದ್ರೆ ಎರಡು ಮೂರು ತಿಂಗಳಿಗಾಗೋಷ್ಟು ಒಟ್ಟಿಗೇ ಕೊಡ್ತೀರಾ ಅಂತ ಕೇಳಿ ನೋಡಿ. ಬೆಳಗ್ಗೆ ಕಾಫಿ ಲೋಟ ಇಡೋ ಜಾಗದಲ್ಲೇ ಮಾತ್ರೆ ಡಬ್ಬಿ ಇಟ್ರೆ ಅರ್ಧ ಕೆಲಸ ಆದ ಹಾಗೆ.

ಪ್ರಶ್ನೆ: ಮೇಡಂ, 21 ದಿನ ಬಿಡದೆ ಮಾಡಿದ್ರೆ ಯಾವ ಅಭ್ಯಾಸ ಆದ್ರೂ ಬರುತ್ತೆ ಅಂತ ನಮ್ಮ ಕಾಲೇಜಿಗೆ ಬಂದಿದ್ದ ಅತಿಥಿ ಒಬ್ರು ಹೇಳಿದ್ರು. ನಾನು ವಾಕಿಂಗ್ 26 ದಿನ ಮಾಡಿದೆ, 27ನೇ ದಿನ ಮಳೆ, ಬಿಟ್ಟೋಯ್ತು. ನನ್ನಲ್ಲೇ ಏನೋ ಕೊರತೆ ಅನ್ನಿಸ್ತಿದೆ.
(ಧಾರವಾಡದ ವಿದ್ಯಾರ್ಥಿ)

ಉತ್ತರ: ನಿಮ್ಮಲ್ಲಿ ಯಾವ ಕೊರತೇನೂ ಇಲ್ಲಪ್ಪ, ಆ 21ರ ಲೆಕ್ಕಾನೇ ಸರಿ ಇಲ್ಲ. 1960ರಲ್ಲಿ ಅಮೆರಿಕದ ಒಬ್ಬ ಪ್ಲಾಸ್ಟಿಕ್ ಸರ್ಜನ್, ಆಪರೇಷನ್ ಆದವರಿಗೆ ಹೊಸ ಮುಖಕ್ಕೆ ಒಗ್ಗಿಕೊಳ್ಳೋಕೆ ಕಮ್ಮಿ ಅಂದ್ರೂ 21 ದಿನ ಬೇಕು ಅಂತ ಬರೆದಿದ್ರು, ಅದು ಬಾಯಿಂದ ಬಾಯಿಗೆ ಹೋಗ್ತಾ ಕಮ್ಮಿ ಅಂದ್ರೂ ಅನ್ನೋದು ಉದುರಿ ಹೋಯ್ತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಲ್ಲಿ ಫಿಲಿಪಾ ಲ್ಯಾಲಿ ಮತ್ತೆ ಅವ್ರ ಜೊತೆಯವ್ರು 96 ಜನರ ಮೇಲೆ ಮಾಡಿದ ಅಧ್ಯಯನ 2010ರಲ್ಲಿ ಪ್ರಕಟವಾಯ್ತು. ದಿನಾ ಒಂದು ಹೊತ್ತಿಗೆ ಒಂದೇ ಕೆಲಸ, ಊಟದ ಜೊತೆ ಹಣ್ಣು ತಿನ್ನೋದೋ, ಊಟಕ್ಕೆ ಮುಂಚೆ ಓಡೋದೋ. ಅಭ್ಯಾಸ ಗಟ್ಟಿಯಾಗೋಕೆ ಹಿಡಿದ ಕಾಲ ಮಧ್ಯಮ ಲೆಕ್ಕದಲ್ಲಿ 66 ದಿನ, ಕೆಲವರಿಗೆ 18, ಕೆಲವರಿಗೆ 254ರ ತನಕ ಹಿಡಿಯಬಹುದು ಅನ್ನೋ ಅಂದಾಜು. ನೀರು ಕುಡಿಯೋವಂಥದ್ದು ಬೇಗ ಬಂತು, ವ್ಯಾಯಾಮ ನಿಧಾನ. ನಿಮಗೆ ಬೇಕಾದ ಮಾತು ಇನ್ನೊಂದು ಅದರಲ್ಲೇ ಇದೆ, ಮಧ್ಯೆ ಒಂದು ದಿನ ತಪ್ಪಿದ್ರೆ ಹೇಳಿಕೊಳ್ಳೋವಂಥ ನಷ್ಟ ಆಗಲಿಲ್ಲ. ಧಾರವಾಡದ ಮಳೆ ನಂಗೂ ಗೊತ್ತು, ನಿಂತ ಮೇಲೆ 27ನೇ ದಿನ ಅಂತಲೇ ಮುಂದುವರಿಸಿ.

ಪ್ರಶ್ನೆ: ಯೂನಿವರ್ಸಿಟಿ ಉಪನ್ಯಾಸಕ್ಕೆ ಹೋಗೋಕೆ ಆಸೆ, ಆದ್ರೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಎದ್ದು ನಿಂತು ಕನ್ನಡದಲ್ಲಿ ಕೇಳಿದ್ರೆ ಏನನ್ಕೋತಾರೋ ಅಂತ ಹಿಂಜರಿಕೆ.
(ಮಂಡ್ಯದ ಓದುಗರು)

ಉತ್ತರ: ಹೋಗಿ, ಕನ್ನಡದಲ್ಲೇ ಕೇಳಿ, ಸಾರ್ವಜನಿಕ ಉಪನ್ಯಾಸ ಅಂದ್ಮೇಲೆ ಸಾರ್ವಜನಿಕರ ಭಾಷೆ ಬೇಡ ಅನ್ನೋಕೆ ಯಾರಿಗೂ ಹಕ್ಕಿಲ್ಲ. ಏನು ಕೇಳೋದು ಅಂತ ತೋಚದಿದ್ರೆ, ನೀವು ಹೇಳಿದ ಅಧ್ಯಯನದಲ್ಲಿ ಯಾರನ್ನ ಮಾತಾಡಿಸಿದ್ರಿ, ಎಷ್ಟು ಜನ, ನಮ್ಮಂಥ ಹಳ್ಳಿಯವರು ಅದರಲ್ಲಿದ್ರಾ ಅಂತ ಕೇಳಿ. ಅದಕ್ಕೆ ಉತ್ತರ ಬಂದ್ರೆ ಜೊತೆಗೆ ಇನ್ನೊಂದು ಕೇಳಿ, ಅವ್ರು ಆಸ್ಪತ್ರೆಗೆ ಬಂದಾಗ ಅಲ್ಲಿ ಅವ್ರಿಗೆ ಏನು ಸಿಕ್ತು ಅಂತ. ಏನು ಹೇಳಿದ್ರು ಅಂತ ನಂಗೂ ಒಂದು ಕಾರ್ಡ್ ಬರೀರಿ.