ಹೆಡ್‌ಮಾಸ್ಟರರಿಗೆ ಪಾಠ ಹೇಳುವವರಿಗೆ ಸಂಘ ಯಾಕೆ?

ಪ್ರಿಯ ಓದುಗರೇ,

ನೀವು ಶಿಕ್ಷಣ ಆಡಳಿತ ಕಲಿಸುವ ಅಧ್ಯಾಪಕರು. ವೃತ್ತಿಸಂಘದ ಸದಸ್ಯತ್ವದ ಫಾರ್ಮ್ ನಿಮ್ಮ ಮೇಜಿನ ಮೇಲಿದೆ. 'ವರ್ಷಕ್ಕೊಂದು ಸಮ್ಮೇಳನ, ಒಂದಿಷ್ಟು ಪ್ರಬಂಧ ಓದುವುದು, ಗ್ರೂಪ್ ಫೋಟೊ. ಇದರಿಂದ ಶಾಲೆಗಳಿಗೆ ಏನು ಬಂತು? ಸುಮ್ನೆ ಯಾಕೆ ದುಡ್ಡು ಕಟ್ಟಲಿ?' ಎಂದು ಕೇಳಿದ್ದೀರಿ. ಎರಡು ಸಾಲಿನಲ್ಲಿ ಉತ್ತರಿಸಿದರೆ ನಿಮಗೆ ಮೋಸ ಮಾಡಿದಂತೆ. ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಗಣಿತ ವಿಭಾಗದಲ್ಲಿ ಹತ್ತಾರು ಜನ ಇರುತ್ತಾರೆ. ನಿಮ್ಮ ವಿಷಯ ಕಲಿಸುವವರು ಎಷ್ಟೋ ಕಡೆ ಇಬ್ಬರೋ ಮೂವರೋ ಅಷ್ಟೆ. ಒಬ್ಬರು ಶಾಲಾ ಕಾನೂನು ನೋಡಿಕೊಂಡರೆ ಇನ್ನೊಬ್ಬರು ಬಜೆಟ್ಟು. 'ನಾನು ಹೇಳುತ್ತಿರುವ ಪಾಠ ಹಳತಾಯಿತಾ?' ಅಂತ ಯಾರನ್ನಾದರೂ ಕೇಳೋಣ ಎಂದರೆ ಪಕ್ಕದ ಕೋಣೆಯಲ್ಲಿ ಯಾರೂ ಇಲ್ಲ. ಈ ಪ್ರೊಫೆಸರುಗಳಲ್ಲಿ ಹಲವರು ಹಿಂದೆ ಶಾಲೆ ನಡೆಸಿದವರು. ಅನುಭವ ದೊಡ್ಡದು, ನಿಜ. ಆದರೆ ಒಂದು ಶಾಲೆಯಲ್ಲಿ ನಡೆದದ್ದು ಇನ್ನೊಂದರಲ್ಲೂ ನಡೆಯುತ್ತದೆ ಅಂತ ಹೇಳುವುದು ಹೇಗೆ?

ಅಮೆರಿಕದಲ್ಲಿ ಈ ಪ್ರೊಫೆಸರುಗಳು ಮೊದಲು ಸಂಘ ಕಟ್ಟಿದ್ದು 1947ರಲ್ಲಿ, ನ್ಯೂಯಾರ್ಕ್ ರಾಜ್ಯದ ಎಂಡಿಕಾಟ್‌ನಲ್ಲಿ. ಹೆಸರು ನ್ಯಾಷನಲ್ ಕಾನ್ಫರೆನ್ಸ್ ಆಫ್ ಪ್ರೊಫೆಸರ್ಸ್ ಆಫ್ ಎಜುಕೇಷನಲ್ ಅಡ್ಮಿನಿಸ್ಟ್ರೇಷನ್, ಚುಟುಕಾಗಿ ಎನ್‌ಸಿಪಿಇಎ ಅನ್ನುತ್ತಿದ್ದರು. ಈಗ ಹೆಸರು ಬದಲಾಗಿ ಇಂಟರ್‌ನ್ಯಾಷನಲ್ ಕೌನ್ಸಿಲ್ ಆಫ್ ಪ್ರೊಫೆಸರ್ಸ್ ಆಫ್ ಎಜುಕೇಷನಲ್ ಲೀಡರ್‌ಶಿಪ್ (ಐಸಿಪಿಇಎಲ್) ಆಗಿದೆ. ಆಗೆಲ್ಲ ಈ ವಿಷಯದ ಪಾಠ ಎಂದರೆ ಬಹುಮಟ್ಟಿಗೆ ಹಿರಿಯರ ಕಿವಿಮಾತು. 1954ರಲ್ಲಿ ಡೆನ್ವರ್‌ನಲ್ಲಿ ನಡೆದ ಸಂಘದ ಸಭೆಗೆ ಸಮಾಜವಿಜ್ಞಾನಿಗಳೂ ಬಂದರು. ನಿಮ್ಮ ಸಂಶೋಧನೆಗೆ ಸಿದ್ಧಾಂತದ ತಳಹದಿಯೇ ಇಲ್ಲ ಎಂದು ಮುಖಕ್ಕೆ ಹೇಳಿದರು. ಕೇಳಿದವರಿಗೆ ಹಿತವಾಗಿರಲಿಕ್ಕಿಲ್ಲ. ಆದರೆ 1957ರಲ್ಲಿ ಅದೇ ಸಂಘದ ಆಶ್ರಯದಲ್ಲಿ ಆಡಳಿತಗಾರರ ನಡವಳಿಕೆಯ ಸಂಶೋಧನೆ ಕುರಿತ ದೊಡ್ಡ ಪುಸ್ತಕವೇ ಬಂತು. ಹೊರಗಿನವರನ್ನು ಒಳಗೆ ಕರೆದು, ಅವರ ಬೈಗುಳ ಕೇಳಿ, ಮತ್ತೆ ಕೆಲಸಕ್ಕೆ ಕೂರುವುದು ಒಬ್ಬೊಬ್ಬರಿಂದ ಆಗುವ ಕೆಲಸ ಅಲ್ಲ, ಅಲ್ವಾ?

ಅದೇ ದಶಕದಲ್ಲಿ ಯೂನಿವರ್ಸಿಟಿ ಕೌನ್ಸಿಲ್ ಫಾರ್ ಎಜುಕೇಷನಲ್ ಅಡ್ಮಿನಿಸ್ಟ್ರೇಷನ್ (ಯುಸಿಇಎ) ಎಂಬ ಇನ್ನೊಂದು ಸಂಘ ಹುಟ್ಟಿತು. ಅದರಲ್ಲಿ ಸದಸ್ಯರು ವ್ಯಕ್ತಿಗಳಲ್ಲ, ವಿಶ್ವವಿದ್ಯಾಲಯಗಳು. ಅದು ಮಾಡಿದ ಒಂದು ಕೆಲಸ ನನಗೆ ತುಂಬಾ ಇಷ್ಟ. ವಿಟ್ಮನ್ ಎಲಿಮೆಂಟರಿ ಸ್ಕೂಲ್ ಎಂಬ ಕಾಲ್ಪನಿಕ ಶಾಲೆಯ ಕಾಗದಪತ್ರಗಳನ್ನು 1960ರ ದಶಕದಲ್ಲಿ ಅನೇಕ ವಿಶ್ವವಿದ್ಯಾಲಯಗಳಿಗೆ ತಲುಪಿಸಿತು. ಹೆಡ್‌ಮಾಸ್ಟರ್ ಆಗಲು ಹೊರಟವರ ಮುಂದೆ ಆ ಶಾಲೆಯ ಟಪಾಲಿನ ಬುಟ್ಟಿ ಇಡುವುದು. ಯಾವುದಕ್ಕೆ ಮೊದಲು ಉತ್ತರ, ಯಾವುದು ನಾಳೆಗೆ, ಯಾವುದನ್ನು ಬೇರೆಯವರಿಗೆ ಕೊಡಬೇಕು ಎಂದು ಅವರೇ ತೀರ್ಮಾನಿಸಬೇಕು.

ಇಂಥದ್ದೇ ಅಭ್ಯಾಸ ನಡೆಯುವ ತರಗತಿಯೊಂದರಲ್ಲಿ ನಾನೂ ಒಮ್ಮೆ ಕೂತಿದ್ದೆ. ಮೇಲಿನ ಕಾಗದ ಮೇಲಧಿಕಾರಿಯದು, ಅಂಕಿಅಂಶ ಇಂದೇ ಕಳಿಸಿ ಅಂತ. ಎಲ್ಲರೂ ಅದಕ್ಕೇ ಕೈ ಹಾಕಿದೆವು. ತಳದಲ್ಲಿ ಒಂದು ಚೀಟಿ ಮಡಚಿ ಬಿದ್ದಿತ್ತು. ಹುಡುಗಿಯೊಬ್ಬಳು ಮೂರು ದಿನದಿಂದ ಮಧ್ಯಾಹ್ನ ಏನೂ ತಿನ್ನದೆ ಒಬ್ಬಳೇ ಕೂರುತ್ತಾಳೆ ಎಂದು ಟೀಚರ್ ಬರೆದಿದ್ದರು. ಸಮಯ ಮುಗಿದಾಗ ಅದನ್ನು ಬಿಡಿಸಿ ನೋಡಿದ್ದವರು ಇಬ್ಬರೇ. ನಾನು ನೋಡಿರಲಿಲ್ಲ. ಆ ದಿನ ಮನೆಗೆ ಹೋದ ಮೇಲೂ ಅದೇ ಚೀಟಿ ತಲೆಯಲ್ಲಿತ್ತು. ಇಂಥ ಪಾಠವನ್ನು ಒಂದು ಕಡೆ ಚೆನ್ನಾಗಿ ಕಟ್ಟಿ ನೂರು ಕಡೆ ಹಂಚುವುದಕ್ಕೆ ಸಂಘ ಬೇಕು.

ಇನ್ನೊಂದು ಮಾತು. 1987ರಲ್ಲಿ ಯುಸಿಇಎ ಕರೆದ ಆಯೋಗವೇ ವರದಿ ಕೊಟ್ಟಿತು. ಅಮೆರಿಕದಲ್ಲಿ ಶಾಲಾ ಆಡಳಿತಗಾರರನ್ನು ತಯಾರು ಮಾಡುತ್ತಿದ್ದ 505 ಸಂಸ್ಥೆಗಳಲ್ಲಿ ಕನಿಷ್ಠ 300 ಆ ಕೆಲಸ ನಿಲ್ಲಿಸಬೇಕು ಎಂದಿತು. ತನ್ನವರಿಗೇ ಹೀಗೆ ಹೇಳುವ ಧೈರ್ಯವನ್ನು ನಾನು ಮನಸಾರೆ ಮೆಚ್ಚುತ್ತೇನೆ. ಶಾಲಾ ನಾಯಕರು ಏನೇನು ಬಲ್ಲವರಾಗಿರಬೇಕು ಎಂಬ ಮಾನದಂಡಗಳು ಅಲ್ಲಿ 1996ರಲ್ಲಿ ಬಂದವು, 2015ರಲ್ಲಿ ಅವನ್ನು ತಿದ್ದಿ ಹತ್ತು ಮಾಡಿದರು. ಅದರ ಹಿಂದೆಯೂ ಇಂಥ ಸಂಘಗಳ ದುಡಿಮೆ ಇದೆ.

ನಿಮ್ಮ ದೂರಿನಲ್ಲೂ ಹುರುಳಿದೆ. ಬಡ್ತಿಗೆ ಬೇಕಾದ ಪ್ರಬಂಧ ಓದಿ ಮರುದಿನ ಬೆಳಿಗ್ಗೆ ಬಸ್ಸು ಹತ್ತುವವರು ಎಲ್ಲ ಸಮ್ಮೇಳನದಲ್ಲೂ ಜಾಸ್ತಿ. ಕೆಲಸದಲ್ಲಿರುವ ಹೆಡ್‌ಮಾಸ್ಟರ್ ಒಬ್ಬರೂ ಇಲ್ಲದ ಸಭೆಯಲ್ಲಿ ಹೆಡ್‌ಮಾಸ್ಟರರ ಬಗ್ಗೆ ಮೂರು ದಿನ ಮಾತಾಡುವುದು ನನಗೂ ಸರಿ ಕಾಣುವುದಿಲ್ಲ. ಸಂಘದವರಿಗೆ ಇದನ್ನು ಹೇಳಬೇಕಾದವರು ನಿಮ್ಮಂಥ ಹೊಸಬರೇ.

ಹಾಗಾಗಿ ಒಂದು ವರ್ಷಕ್ಕೆ ಫಾರ್ಮ್ ತುಂಬಿ. ಹೋಗುವಾಗ ಪ್ರಬಂಧದ ಜೊತೆ ನಿಮ್ಮ ಪಠ್ಯಕ್ರಮದ ಪ್ರತಿ, ನೀವು ಕೊಟ್ಟ ಒಂದು ಪ್ರಶ್ನೆಪತ್ರಿಕೆಯನ್ನೂ ಇಟ್ಟುಕೊಳ್ಳಿ. ಅದೇ ಪಾಠ ಕಲಿಸುವ ನಾಲ್ಕು ಜನರನ್ನು ಹುಡುಕಿ, ಒಂದು ಮೇಜಿಗೆ ಕೂತು ಅವರದನ್ನೂ ನಿಮ್ಮದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಏನು ಕಂಡಿತು ಅಂತ ನನಗೆ ಬರೆಯಿರಿ. ಆ ಪತ್ರಕ್ಕೂ ಇಲ್ಲಿ ಜಾಗ ಇರುತ್ತದೆ.

— ಸಂಪಾದಕ