ಪ್ರೌಢಶಾಲೆಯ ಮಕ್ಕಳು ಯಾವ ಬಗೆಯ ಗಣಿತ ಬೋಧನೆಯನ್ನು ಮೆಚ್ಚುತ್ತಾರೆ?

ಕೊಪ್ಪಳ ಭಾಗದಲ್ಲಿ ಗಣಿತ ಕಲಿಸುತ್ತ ಬಂದ ನನ್ನ ಅನುಭವದಲ್ಲಿ, ಮಕ್ಕಳು ಎಲ್ಲಕ್ಕಿಂತ ಹೆಚ್ಚಾಗಿ ಮೆಚ್ಚುವುದು ಒಂದು ಹಂತವನ್ನೂ ಬಿಡದೆ ನಿಧಾನವಾಗಿ ವಿವರಿಸುವ ಶಿಕ್ಷಕರನ್ನು. ಜೊತೆಗೆ, ‘ತಿಳೀವಲ್ದ್ರೀ ಸರ’ ಎಂದು ಎದ್ದು ನಿಂತವರನ್ನು ನಗೆಪಾಟಲಿಗೆ ಗುರಿಮಾಡದ ತಾಳ್ಮೆಯನ್ನು.

ತಪ್ಪನ್ನು ನಾವು ಹೇಗೆ ತಿದ್ದುತ್ತೇವೆ ಎಂಬುದನ್ನು ಅವರು ಬಹಳ ಸೂಕ್ಷ್ಮವಾಗಿ ಗಮನಿಸುತ್ತಾರೆ. 10 − (6 − 2) ಎಂಬ ಲೆಕ್ಕವನ್ನು ಒಬ್ಬ ಹುಡುಗಿ 10 − 6 − 2 ಎಂದು ಬಿಡಿಸಿ, 2 ಎಂದು ಉತ್ತರ ಬರೆದಳು ಎನ್ನಿ. ಕೆಂಪು ಶಾಯಿಯಲ್ಲಿ ಗೀಟು ಎಳೆದರೆ ಅವಳಿಗೆ ತಿಳಿಯುವುದು ಉತ್ತರ ತಪ್ಪೆಂದಷ್ಟೆ. ಅದರ ಬದಲು, ಕಂಸದೊಳಗಿನ ಬೆಲೆಯನ್ನು ಮೊದಲು ಕಂಡುಹಿಡಿದು 10ರಿಂದ ಕಳೆಯಲು ಹೇಳಿದರೆ 6 ಬರುತ್ತದೆ. ಕಂಸದ ಹಿಂದಿನ ಋಣ ಚಿಹ್ನೆಯು ಒಳಗಿನ ಎರಡೂ ಪದಗಳಿಗೆ ಅನ್ವಯಿಸಬೇಕಿತ್ತೆಂಬುದು ಅವಳಿಗೇ ಹೊಳೆಯುತ್ತದೆ.

ಪರಿಚಿತ ಉದಾಹರಣೆಗಳೂ ಅವರಿಗೆ ಇಷ್ಟವೇ. ಉನ್ನತ ಕೋನದ (ಎತ್ತರದ ವಸ್ತುವನ್ನು ತಲೆಯೆತ್ತಿ ನೋಡುವಾಗ ನೋಟದ ರೇಖೆ ಸಮತಲದೊಂದಿಗೆ ಮಾಡುವ ಕೋನ) ಪಾಠಕ್ಕೆ ಕೊಪ್ಪಳದ ಕೋಟೆಯ ಗುಡ್ಡ ಸಾಕು. ಆದರೆ ಕಥೆ ಹೆಚ್ಚಾಗಿ ಲೆಕ್ಕ ಕಡಿಮೆಯಾದರೆ ಹತ್ತನೇ ತರಗತಿಯವರು ಬೇಸರಪಡುತ್ತಾರೆ, ಏಕೆಂದರೆ ಅವರ ಕಣ್ಣು (ತಪ್ಪೇನಿಲ್ಲ) 80 ಅಂಕಗಳ ಲಿಖಿತ ಪರೀಕ್ಷೆಯ ಮೇಲೆಯೇ ಇರುತ್ತದೆ.